ಏರಿಯ ಮೇಲಿನ ಬಿಲ

"ಟೀಚರ್, ಸೊಂಡಿಲಿ ನೀರಲ್ಲಿ ಮನೆ ಕಟ್ಟುತ್ತಾ?"

ಏಳನೆಯ ತರಗತಿಯ ಹುಡುಗಿಯೊಬ್ಬಳು ಹೀಗೆ ಕೇಳಿದಾಗ ತರಗತಿಯೆಲ್ಲ ನಕ್ಕಿತು. ನನಗೂ ನಗು ಬಂತು. ಸೊಂಡಿಲಿಯನ್ನು ಕಾಣದ ಹೆಂಗಸರು ಯಾರಿದ್ದಾರೆ? ರಾತ್ರಿ ದೀಪ ಆರಿಸಿದ ಮೇಲೆ ಅಡುಗೆಮನೆಯ ಗೋಡೆಯಂಚಿನಲ್ಲಿ ಚೀ ಚೀ ಎನ್ನುತ್ತಾ ಓಡುವ, ಚೂಪು ಮೂತಿಯ, ಹೋದ ದಾರಿಯಲ್ಲೆಲ್ಲ ವಾಸನೆ ಬಿಡುವ ಪ್ರಾಣಿ ಅದು. ಅದಕ್ಕೆ ಬಚ್ಚಲ ಮೋರಿಯೇ ಅರಮನೆ. ಆದರೆ ಹುಡುಗಿ ಬಿಡಲಿಲ್ಲ. ಕೈಯಲ್ಲಿದ್ದ ಇಂಗ್ಲಿಷ್ ಚಿತ್ರಪುಸ್ತಕವನ್ನು ಬಿಡಿಸಿ ತೋರಿಸಿದಳು. ಕೊಳದ ನಡುವೆ ಹುಲ್ಲಿನ ಬಣವೆಯಂಥ ಒಂದು ಗುಡ್ಡೆ, ಪಕ್ಕದಲ್ಲಿ ಈಜುತ್ತಿರುವ ಇಲಿಯಂಥ ಪ್ರಾಣಿ, ಕೆಳಗೆ 'ಮಸ್ಕ್‌ರ್ಯಾಟ್' ಎಂಬ ಹೆಸರು. ಅವಳ ಮನೆಯಲ್ಲಿದ್ದ ಹಳೆಯ ನಿಘಂಟು ಅದಕ್ಕೆ ಸೊಂಡಿಲಿ ಎಂದು ಅರ್ಥ ಕೊಟ್ಟಿತ್ತು.

ತಪ್ಪು ಹುಡುಗಿಯದಲ್ಲ. ನಮ್ಮ ದೇಶಕ್ಕೆ ಬಂದ ಇಂಗ್ಲಿಷರು ಇಲ್ಲಿನ ಸೊಂಡಿಲಿಯನ್ನೇ ಮಸ್ಕ್‌ರ್ಯಾಟ್ ಎಂದು ಕರೆಯುತ್ತಿದ್ದರು. 1894ರಲ್ಲಿ ಬಂದ ಕಿಪ್ಲಿಂಗನ 'ಜಂಗಲ್ ಬುಕ್'ನ ಮುಂಗುಸಿಯ ಕಥೆಯಲ್ಲಿ, ಗೋಡೆ ಬಿಟ್ಟು ಕೋಣೆಯ ನಡುವಿಗೆ ಬರಲು ಹೆದರುವ ಚುಚುಂದ್ರ ಎಂಬ ಮಸ್ಕ್‌ರ್ಯಾಟ್ ಇದೆಯಲ್ಲ, ಅದು ನಮ್ಮ ಸೊಂಡಿಲಿಯೇ. ನಿಜವಾದ ಮಸ್ಕ್‌ರ್ಯಾಟ್ ಉತ್ತರ ಅಮೆರಿಕದ್ದು. ನಮ್ಮ ದೇಶದ ಕಾಡಿನಲ್ಲಾಗಲಿ ಕೆರೆಯಲ್ಲಾಗಲಿ ಅದು ಇಲ್ಲ.

ಆ ಪ್ರಾಣಿಯನ್ನು ನೋಡುವುದಕ್ಕಿಂತ ಅದರ ಗುರುತುಗಳನ್ನು ನೋಡುವುದು ಸುಲಭವಂತೆ. ಜೌಗಿನಲ್ಲಿ ಬೆಳೆಯುವ ಆಪಿನಂಥ ಹುಲ್ಲನ್ನು ಕಡಿದು, ಕೆಸರಿನೊಂದಿಗೆ ಪೇರಿಸಿ, ನೀರಿನ ನಡುವೆ ಗುಮ್ಮಟದಂಥ ಮನೆ ಕಟ್ಟುತ್ತದೆ. ಬಾಗಿಲು ನೀರಿನ ಕೆಳಗೆ, ಮಲಗುವ ಕೋಣೆ ನೀರಿನ ಮೇಲೆ. ತಿಂದು ಬಿಟ್ಟ ದಂಟುಗಳು ತೇಲುತ್ತಿರುತ್ತವೆ. ನೀರಿನಿಂದ ತಲೆಯೆತ್ತಿದ ಕಲ್ಲು, ಮರದ ದಿಮ್ಮಿಗಳ ಮೇಲೆ ಹಿಕ್ಕೆ ಬಿದ್ದಿರುತ್ತದೆ. ಕೆಸರಿನಲ್ಲಿ ಹೆಜ್ಜೆಗಳ ನಡುವೆ ಬಾಲ ಎಳೆದ ಗೆರೆ ಕಾಣುತ್ತದೆ. ಎತ್ತರದ ದಡವಿದ್ದ ಕಡೆ ಮನೆ ಕಟ್ಟುವ ಗೋಜಿಗೇ ಹೋಗದೆ ದಡವನ್ನೇ ಕೊರೆಯುತ್ತದೆ. ಬಿಲದ ಬಾಯಿ ನೀರಿನೊಳಗೆ ಇರುವುದರಿಂದ ಮೇಲೆ ನಡೆಯುವವರಿಗೆ ತಿಳಿಯುವುದಿಲ್ಲ. ಒಂದು ದಿನ ಕಾಲ ಕೆಳಗಿನ ನೆಲ ಕುಸಿದಾಗಲೇ ಒಳಗೆಲ್ಲ ಟೊಳ್ಳು ಎಂದು ಗೊತ್ತಾಗುವುದು.

ಮಕ್ಕಳಿಗೆ ಇಷ್ಟು ಹೇಳಿ ಮುಗಿಸುವ ಹೊತ್ತಿಗೆ ನನ್ನ ಮನಸ್ಸು ಅಮೆರಿಕದಲ್ಲಿರಲಿಲ್ಲ. ಶಿಕಾರಿಪುರ ತಾಲೂಕಿನ ನನ್ನ ತವರೂರಿನ ಕೆರೆ ಏರಿಯ ಮೇಲಿತ್ತು.

ನಾನೀಗ ಇರುವುದು ಶಿವಮೊಗ್ಗದ ಆಲ್ಕೊಳದಲ್ಲಿ. ಸಾಗರ ರಸ್ತೆಯ ಬಸ್ಸು, ಲಾರಿಗಳ ಸದ್ದಿನಲ್ಲಿ ಕಪ್ಪೆಯ ದನಿ ಕೇಳುವುದು ಮಳೆ ಜೋರಾದ ರಾತ್ರಿಗಳಲ್ಲಿ ಮಾತ್ರ. ಇಲ್ಲಿ ಹೆಗ್ಗಣವೆಂದರೆ ಚರಂಡಿಯಿಂದ ಬಂದು ಸಾಬೂನು ಕದ್ದೊಯ್ಯುವ ಕಳ್ಳ. ಆದರೆ ನಾನು ಹುಟ್ಟಿ ಬೆಳೆದ ಊರಿನಲ್ಲಿ ಹೆಗ್ಗಣವೆಂದರೆ ಕೆರೆಯ ಶತ್ರು. ಆ ಶತ್ರುವಿನ ಮೇಲೆ ಕಣ್ಣಿಡಲು ಊರಿಗೊಬ್ಬ ನೀರುಗಂಟಿ ಇರುತ್ತಿದ್ದ.

ನಮ್ಮ ಊರಿನ ನೀರುಗಂಟಿ ಅಜ್ಜನನ್ನು ನಾನು ಕಂಡಾಗ ಅವನಿಗೆ ಎಪ್ಪತ್ತು ದಾಟಿತ್ತು. ಕಾನೂನಿನ ಪ್ರಕಾರ ಅವನ ಹುದ್ದೆ ಇರಲೇ ಇಲ್ಲ. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ತೆಗೆದುಹಾಕುವ ಕಾಯಿದೆ 1961ರಲ್ಲೇ ಬಂದಿತ್ತು. ಪಟೇಲಿಕೆ, ಶಾನುಭೋಗಿಕೆಗಳ ಜೊತೆಗೆ ಊರಿನ ಸಣ್ಣ ಚಾಕರಿಗಳೂ ಹೋದವು. ಹುಟ್ಟಿದ ಜಾತಿಗೆ ಚಾಕರಿಯನ್ನು ಕಟ್ಟಿಹಾಕುವುದು ನಿಲ್ಲಬೇಕಾದದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೂ ಅಜ್ಜ ಅಭ್ಯಾಸಬಲದಿಂದ ಬೆಳಿಗ್ಗೆ ಸಂಜೆ ಏರಿಯ ಮೇಲೆ ನಡೆಯುತ್ತಿದ್ದ. ಸುಗ್ಗಿಯಲ್ಲಿ ಮನೆಮನೆಯವರು ಕಣದಲ್ಲಿ ಅವನಿಗೆ ಒಂದಿಷ್ಟು ಭತ್ತ ಅಳೆದು ಕೊಡುತ್ತಿದ್ದರು. ನಮ್ಮಮ್ಮ ಮೊರ ಸ್ವಲ್ಪ ಓರೆ ಮಾಡಿ ಹೆಚ್ಚಿಗೆ ಸುರಿಯುತ್ತಿದ್ದಳು.

ರಜೆಯಲ್ಲಿ ನಾನು ಅವನ ಹಿಂದೆ ತಿರುಗುತ್ತಿದ್ದೆ. ಅವನು ಓದು ಬರಹ ಬಲ್ಲವನಲ್ಲ, ಆದರೆ ಏರಿಯನ್ನು ಓದುತ್ತಿದ್ದ.

"ನೋಡು ತಂಗಿ, ಈ ಬಾಯಿ ಮುಂದೆ ಹೊಸ ಮಣ್ಣು ಗುಡ್ಡೆ ಬಿದ್ದೈತೆ. ಒಳಗೆ ಹೆಗ್ಗಣ ಐತೆ. ಆ ಬಾಯಲ್ಲಿ ಜೇಡ ಬಲೆ ಕಟ್ಟೈತೆ, ಅದು ಖಾಲಿ ಮನೆ. ಹಾಂಗಂತ ಕೈ ಹಾಕಬ್ಯಾಡ. ಖಾಲಿ ಮನೆಗೆ ಹಾವು ಬಾಡಿಗೆಗೆ ಬರ್ತದೆ."

ಗದ್ದೆಯ ಹೆಗ್ಗಣ ಎಷ್ಟೋ ಸಲ ಬಿಲದ ಬಾಯಿಯನ್ನು ಒಳಗಿನಿಂದಲೇ ಮಣ್ಣು ಹಾಕಿ ಮುಚ್ಚಿಕೊಂಡಿರುತ್ತದೆ. ಆಗ ನೋಡಬೇಕಾದದ್ದು ತೂತನ್ನಲ್ಲ, ಸಡಿಲವಾಗಿ ಬಿದ್ದ ಮಣ್ಣನ್ನು. ಏಡಿಯ ಬಿಲ ಬೇರೆ. ಅದು ಗುಂಡಗೆ ನೀರಿಗೆ ಹತ್ತಿರ ಇರುತ್ತದೆ, ಬಾಯಿಯ ಸುತ್ತ ಹಸಿ ಕೆಸರಿನ ಉಂಡೆಗಳಿರುತ್ತವೆ. ಗೆದ್ದಲಿನ ಹುತ್ತ ಮೇಲೆ ಗಟ್ಟಿಯಾಗಿ ಕಂಡರೂ ಅದರ ಕೆಳಗೆ ಪೊಳ್ಳು. ನೀರುನಾಯಿ ಬಂದುಹೋಗಿದ್ದರೆ ಕಲ್ಲಿನ ಮೇಲೆ ಮೀನಿನ ಹುರುಪೆ, ಏಡಿಯ ಚಿಪ್ಪಿನ ಚೂರು ತುಂಬಿದ ಹಿಕ್ಕೆ ಇರುತ್ತದೆ. ಹೊಂದಾಳೆಯ ಭತ್ತ ಬುಡದಲ್ಲಿ ಕತ್ತರಿಸಿದಂತೆ ಓರೆಯಾಗಿ ಬಿದ್ದಿದ್ದರೆ ಇಲಿ, ಹೆಗ್ಗಣಗಳ ಕೆಲಸ. ಯಾವ ಬಿಲದಲ್ಲಿ ಜೀವವಿದೆ ಎಂದು ಅನುಮಾನ ಬಂದರೆ ಅಜ್ಜ ಸಂಜೆ ಎಲ್ಲ ಬಾಯಿಗಳನ್ನೂ ಕಾಲಿನಿಂದ ಮಣ್ಣು ತಳ್ಳಿ ಮುಚ್ಚುತ್ತಿದ್ದ. ಬೆಳಿಗ್ಗೆ ಯಾವುದು ತೆರೆದಿದೆಯೋ ಅದರಲ್ಲಿ ಇದೆ. ಬೆಳೆಯ ಇಲಿಗಳನ್ನು ಲೆಕ್ಕ ಹಾಕಲು ಕೃಷಿ ವಿಜ್ಞಾನಿಗಳೂ ಇದೇ ಉಪಾಯ ಬಳಸುತ್ತಾರೆಂದು ಎಷ್ಟೋ ವರ್ಷಗಳ ನಂತರ ಓದಿ ತಿಳಿದೆ.

ಎಲ್ಲಕ್ಕಿಂತ ಮುಖ್ಯವಾದ ಪಾಠ ಏರಿಯ ಹೊರಮೈಯದು. ನೀರಿನ ಕಡೆಯಲ್ಲ, ಗದ್ದೆಯ ಕಡೆ. "ತಿಳಿ ನೀರು ಜಿನುಗಿದ್ರೆ ಕಣ್ಣಿಡು. ಕದಡಿದ ನೀರು ಬಂದ್ರೆ ಓಡು, ಊರಿಗೆ ಹೇಳು." ಇದರ ಕಾರಣ ಸರಳ. ಕದಡಿದ ನೀರೆಂದರೆ ಏರಿಯ ಮಣ್ಣು ಒಳಗಿನಿಂದ ಕರಗಿ ಬರುತ್ತಿದೆ ಎಂದರ್ಥ. ಬಿಲದ ದಾರಿ ಹಿಡಿದ ನೀರು ಮಣ್ಣನ್ನು ಹೊತ್ತುಕೊಂಡು ಹೋಗುತ್ತದೆ, ದಾರಿ ಅಗಲವಾಗುತ್ತದೆ, ಅಗಲವಾದಷ್ಟೂ ನೀರಿನ ರಭಸ ಹೆಚ್ಚುತ್ತದೆ. ಲೋಟದ ಬಾಯಿಯಷ್ಟಿದ್ದದ್ದು ರಾತ್ರಿ ಕಳೆಯುವುದರೊಳಗೆ ಗಾಡಿ ಹೋಗುವಷ್ಟಾಗಬಹುದು.

ನಾನು ಹತ್ತನೆಯ ತರಗತಿಗೆ ಬಂದ ವರ್ಷ ಬೇಸಿಗೆಯಲ್ಲಿ ಅಜ್ಜ ತೀರಿಕೊಂಡ. ಅವನ ಮಗ ಭದ್ರಾವತಿಯಲ್ಲಿ ಕೂಲಿಗೆ ಹೋಗಿದ್ದ. ಏರಿಯ ಮೇಲೆ ನಡೆಯುವವರು ಯಾರೂ ಇರಲಿಲ್ಲ. ಜುಲೈ ತಿಂಗಳಲ್ಲಿ ಕೆರೆ ತುಂಬಿ ಕೋಡಿ ಬಿತ್ತು. ಊರಿನವರೆಲ್ಲ ಬಾಗಿನ ಕೊಟ್ಟು ಬಂದರು. ಮಾರನೆಯ ಸಂಜೆ ನಾನೂ ಗೆಳತಿಯೂ ಮನೆಯಲ್ಲಿ ಹೇಳದೆ ತಾವರೆ ಕೀಳಲು ಹೋದೆವು. ಹಿಂತಿರುಗುವಾಗ ಏರಿಯ ಕೆಳಗೆ, ಲಂಟಾನದ ಪೊದೆಯ ಪಕ್ಕ, ಚಹಾದ ಬಣ್ಣದ ನೀರು ಸಣ್ಣಗೆ ಹರಿಯುತ್ತಿದ್ದುದನ್ನು ಕಂಡೆ. ಅದೇನೆಂದು ನನಗೆ ಗೊತ್ತಿತ್ತು. ಊರಿನಲ್ಲಿ ನನ್ನಷ್ಟು ಚೆನ್ನಾಗಿ ಬೇರಾರಿಗೂ ಗೊತ್ತಿರಲಿಲ್ಲ ಎಂದರೂ ತಪ್ಪಿಲ್ಲ. ಆದರೆ ಹೇಳಿದರೆ ತುಂಬಿದ ಕೆರೆಯ ಹತ್ತಿರ ಯಾಕೆ ಹೋಗಿದ್ದೆ ಎಂದು ಅಪ್ಪ ಬೈಯುತ್ತಾರೆ. ದೊಡ್ಡ ಹುಡುಗಿ, ಹೊತ್ತು ಮುಳುಗುವಾಗ ಹೊರಗೆ ತಿರುಗಿದೆ ಎಂದು ದೊಡ್ಡಪ್ಪ ಶಾಲೆಯನ್ನೇ ಬಿಡಿಸಿದರೆ? ಬಾಯಿ ಮುಚ್ಚಿಕೊಂಡು ಊಟ ಮಾಡಿ ಮಲಗಿದೆ.

ಬೆಳಗಿನ ಜಾವ ಏರಿ ಒಡೆಯಿತು. ದೇವರು ದೊಡ್ಡವನು, ಯಾರ ಜೀವವೂ ಹೋಗಲಿಲ್ಲ. ಆದರೆ ನಾಟಿಯಾಗಿದ್ದ ಗದ್ದೆಗಳ ಮೇಲೆ ಮೊಣಕಾಲುದ್ದ ಮರಳು ಕೂತಿತು. ಆ ವರ್ಷ ನಮ್ಮ ಮನೆಯಲ್ಲಿ ಅಂಗಡಿಯ ಅಕ್ಕಿ ಬೆಂದಿತು. ಅಮ್ಮನ ನಾಲ್ಕು ಬಳೆಗಳಲ್ಲಿ ಎರಡು ಹೋದವು. ನನ್ನ ಓದು ನಿಲ್ಲಲಿಲ್ಲ. ಉಳಿದೆರಡು ಬಳೆಗಳು ನನ್ನ ಬಿ.ಎ.ಗೆ ಹೋದವು. ಆ ಸಂಜೆ ನಾನು ಕಂಡದ್ದನ್ನು ಅಮ್ಮನಿಗೆ ಹೇಳಿದ್ದು ಅವಳ ಕೊನೆಗಾಲದಲ್ಲಿ. ಅವಳು ನನ್ನ ಕೈ ಹಿಡಿದು, "ಹೇಳೋ ಧೈರ್ಯ ನಿನಗೆ ಕೊಡದೇ ಇದ್ದದ್ದು ನಾವು" ಎಂದಳು. ಬೈದಿದ್ದರೆ ಹಗುರವಾಗುತ್ತಿತ್ತು.

ಇತಿಹಾಸ ಕಲಿಸುವವಳಾದ ಮೇಲೆ ಈ ಕಥೆಯನ್ನು ಶಾಸನಗಳಲ್ಲೂ ಹುಡುಕಿದ್ದೇನೆ. ನಮ್ಮ ಜಿಲ್ಲೆಯ ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದಿನ ಕಂಬವನ್ನು ನೀವೂ ನೋಡಿರಬಹುದು. ಐದನೆಯ ಶತಮಾನದ ಆ ಶಾಸನವೆಂದರೆ ಎಲ್ಲರಿಗೂ ನೆನಪಾಗುವುದು ಕಂಚಿಯಲ್ಲಿ ಅವಮಾನಗೊಂಡು ಕತ್ತಿ ಹಿಡಿದ ಮಯೂರಶರ್ಮ. ಆದರೆ ಕುಬ್ಜ ಕವಿ ಅದನ್ನು ಬರೆದ ಸಂದರ್ಭ ಬೇರೆ. ಕಾಕುಸ್ಥವರ್ಮ ಅಲ್ಲಿ ಒಂದು ಕೆರೆ ಕಟ್ಟಿಸಿದ್ದನ್ನು ಹೇಳುವುದಕ್ಕಾಗಿಯೇ ಆ ಪದ್ಯಗಳು. ರಾಜವಂಶದ ಕಥೆ ಕೆರೆಯ ನೆಪದಲ್ಲಿ ಬಂದದ್ದು. ಗಡಿಯಾಚೆ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ 1369ರ ವಿಜಯನಗರದ ಶಾಸನವೊಂದಿದೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಯ ಆರು ದೋಷಗಳನ್ನೂ ಅದು ಪಟ್ಟಿ ಮಾಡುತ್ತದೆ. ದೋಷಗಳಲ್ಲೊಂದು ಏರಿಯಿಂದ ನೀರು ಜಿನುಗುವುದು. ಅದನ್ನು ಓದಿದಾಗ ನನಗೆ ನಮ್ಮ ಅಜ್ಜನ ದನಿ ಕೇಳಿದಂತಾಯಿತು.

ಕಟ್ಟಿದವರು ಕಾಯುವುದನ್ನೂ ಯೋಚಿಸಿದ್ದರು. ಕೆರೆಯನ್ನು ಕಟ್ಟಿ ದುರಸ್ತಿಯಲ್ಲಿ ಇಡಲು ಬಿಟ್ಟ ಭೂಮಿಗೆ ಕಟ್ಟುಕೊಡಗೆ ಎಂಬ ಹೆಸರಿತ್ತು. ಮೈಸೂರು ಸಂಸ್ಥಾನದಲ್ಲಿ 1911ರಲ್ಲಿ ಕೆರೆ ಪಂಚಾಯಿತಿಗಳಿಗಾಗಿಯೇ ಒಂದು ಶಾಸನ ಬಂತು. ನಮ್ಮ ಕಾಲದಲ್ಲಿ, 2002ರಲ್ಲಿ, ಜಲ ಸಂವರ್ಧನೆ ಯೋಜನಾ ಸಂಘ ಹುಟ್ಟಿ ಊರವರ ಕೆರೆ ಸಂಘಗಳ ಮೂಲಕ ಹೂಳು ತೆಗೆಸುವ, ಏರಿ ಸರಿಪಡಿಸುವ ಕೆಲಸ ಮಾಡಿಸಿತು. ಆದರೆ ಶಾಸನದ ಕಲ್ಲಿನ ಮೇಲೆ ಉಳಿದದ್ದು ಕಟ್ಟಿಸಿದವರ ಹೆಸರು. ದಿನವೂ ಏರಿಯ ಮೇಲೆ ನಡೆದು ಬಿಲ ಮುಚ್ಚಿದವನ ಹೆಸರು ಎಲ್ಲಿದೆ?

ಹೆಣ್ಣುಮಕ್ಕಳ ವಿಷಯವಂತೂ ಕೇಳಲೇಬೇಡಿ. ಕೆರೆಯ ಕಥೆಯಲ್ಲಿ ನಮಗೆ ಸಿಗುವ ಪಾತ್ರ ಬಲಿಯಾಗುವುದು. 'ಕೆರೆಗೆ ಹಾರ'ದ ಭಾಗೀರಥಿಯನ್ನು ನೆನೆದು ಅಳದವರಿಲ್ಲ. ಚನ್ನಗಿರಿ ತಾಲೂಕಿನ ಸೂಳೆಕೆರೆಯನ್ನು ಶಾಂತವ್ವೆ ಕಟ್ಟಿಸಿದಳೆಂಬ ಕಥೆಯಲ್ಲೂ ಅವಳು ಕೊನೆಗೆ ಆ ಕೆರೆಗೇ ಸಲ್ಲುತ್ತಾಳೆ. ಬುಟ್ಟಿಯಲ್ಲಿ ಮಣ್ಣು ಹೊತ್ತು ಏರಿಗೆ ಸುರಿದ ಸಾವಿರಾರು ಹೆಂಗಸರ ಕಥೆಯನ್ನು ಯಾರೂ ಕಟ್ಟಲಿಲ್ಲ. ನನಗನ್ನಿಸುತ್ತದೆ, ಕೆರೆಗೆ ಬೇಕಾದದ್ದು ಸೊಸೆಯ ಜೀವವಲ್ಲ. ಸೊಸೆ ಕಂಡದ್ದನ್ನು ಹೇಳಿದಾಗ ಕೇಳುವ ಮಾವ.

ಮತ್ತೆ ಮಸ್ಕ್‌ರ್ಯಾಟಿಗೆ ಬರುತ್ತೇನೆ. 1905ರಲ್ಲಿ ಪ್ರಾಗ್ ನಗರದ ಹತ್ತಿರದ ಡೋಬ್ರೀಶ್ ಎಂಬಲ್ಲಿ ಶ್ರೀಮಂತನೊಬ್ಬ ತನ್ನ ಎಸ್ಟೇಟಿನ ಕೊಳಕ್ಕೆ ಬೆರಳೆಣಿಕೆಯಷ್ಟು ಮಸ್ಕ್‌ರ್ಯಾಟುಗಳನ್ನು ತಂದು ಬಿಟ್ಟ. ಅವುಗಳ ತುಪ್ಪಳಕ್ಕೆ ಆಗ ಒಳ್ಳೆಯ ಬೆಲೆಯಿತ್ತು. ಅವು ಅಲ್ಲಿಂದ ಹಬ್ಬಿ, ತುಪ್ಪಳದ ಸಾಕಣೆ ಕೇಂದ್ರಗಳಿಂದ ತಪ್ಪಿಸಿಕೊಂಡವುಗಳೂ ಸೇರಿ, ಯೂರೋಪಿನ ಬಹುಭಾಗವನ್ನು ಆವರಿಸಿದವು. 1941ರಲ್ಲಿ ನೆದರ್‌ಲ್ಯಾಂಡ್ಸ್‌ಗೂ ಬಂದವು. ಆ ದೇಶದ ಸುಮಾರು ಕಾಲುಭಾಗ ಸಮುದ್ರಮಟ್ಟಕ್ಕಿಂತ ಕೆಳಗಿದೆ. ಅವರ ಜೀವವೇ ಏರಿಗಳ ಮೇಲೆ ನಿಂತಿದೆ. ಅದನ್ನು ನೋಡಿಕೊಳ್ಳಲು ಹದಿಮೂರನೆಯ ಶತಮಾನದಿಂದಲೂ ನೀರಿನ ಮಂಡಳಿಗಳಿವೆ. ಆ ಮಂಡಳಿಗಳು ಮಸ್ಕ್‌ರ್ಯಾಟಿನ ಗುರುತು ಹುಡುಕಿ ಹಿಡಿಯುವುದಕ್ಕೆಂದೇ ಸಂಬಳ ಕೊಟ್ಟು ಜನರನ್ನು ಇಟ್ಟುಕೊಂಡಿವೆ. ಕಾಲುವೆಗಳ ದಡದಲ್ಲಿ ತೇಲುವ ದಂಟು, ಕುಸಿದ ನೆಲ, ಕದಡಿದ ನೀರನ್ನು ನೋಡುತ್ತಾ ತಿರುಗುವುದೇ ಅವರ ಉದ್ಯೋಗ. ಅಂದರೆ ಅಷ್ಟು ಮುಂದುವರಿದ ದೇಶವೂ ತನ್ನ ನೀರುಗಂಟಿಯನ್ನು ಬಿಟ್ಟಿಲ್ಲ. ಅವನ ಜಾತಿ ಕೇಳದೆ, ಸಂಬಳ ಮತ್ತು ಮರ್ಯಾದೆ ಕೊಟ್ಟು ಉಳಿಸಿಕೊಂಡಿದೆ. ನಾವು ಚಾಕರಿಯ ಅನ್ಯಾಯವನ್ನು ತೆಗೆದೆವು, ಸರಿ. ಅದರ ಜೊತೆ ಕೆಲಸವನ್ನೂ ತೆಗೆದುಬಿಟ್ಟೆವು.

ಮಳೆಗಾಲ ಮುಗಿದ ಮೇಲೆ ಆ ಹುಡುಗಿಯನ್ನೂ ಅವಳ ಗೆಳತಿಯರನ್ನೂ ಹತ್ತಿರದ ಒಂದು ಸಣ್ಣ ಕೆರೆಗೆ ಕರೆದುಕೊಂಡು ಹೋದೆ. ಇಲಿಜ್ವರದ ಭಯವಿರುವುದರಿಂದ ಎಲ್ಲರಿಗೂ ಬೂಟು ಹಾಕಿಸಿದ್ದೆ, ಕೆಸರು ನೀರಿಗೆ ಇಳಿಯಬಾರದು, ಬಿಲಕ್ಕೆ ಕೈ ಹಾಕಬಾರದು ಎಂದು ಕಟ್ಟಪ್ಪಣೆ ಮಾಡಿದ್ದೆ. ಏರಿಯ ಮೇಲೆ ಹದಿನಾಲ್ಕು ಬಿಲಗಳು ಸಿಕ್ಕವು. ಹುಡುಗಿಯರು ಉದ್ದ ಕೋಲಿನಿಂದ ಮಣ್ಣು ತಳ್ಳಿ ಎಲ್ಲವನ್ನೂ ಮುಚ್ಚಿದರು. ಪ್ರತಿಯೊಂದರ ಪಕ್ಕ ಒಂದು ಕಡ್ಡಿ ನೆಟ್ಟರು. ಹೊರಮೈಯಲ್ಲಿ ಎಲ್ಲೂ ನೀರು ಜಿನುಗುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆಯೇ ಆ ಹುಡುಗಿ ಏದುಸಿರು ಬಿಡುತ್ತಾ ಬಂದಳು. ಅಪ್ಪನ ಬೈಕಿನಲ್ಲಿ ಕೆರೆಗೆ ಹೋಗಿ ಬಂದಿದ್ದಳು.

"ಟೀಚರ್, ಐದು ತೆರೆದಿವೆ!"

"ಯಾರಿಗೆ ಹೇಳಿದೆ?" ಎಂದು ಕೇಳಿದೆ.

"ನಿಮಗೆ ಹೇಳ್ತಿದೀನಲ್ಲ" ಎಂದಳು, ಇದೆಂಥ ಪ್ರಶ್ನೆ ಎನ್ನುವ ಹಾಗೆ.

ಅಂದು ಮಧ್ಯಾಹ್ನ ನಾವಿಬ್ಬರೂ ಕೂತು ಪಂಚಾಯಿತಿಗೆ ಒಂದು ಅರ್ಜಿ ಬರೆದೆವು. ಐದು ಬಿಲಗಳ ಜಾಗವನ್ನು ನಕ್ಷೆಯಲ್ಲಿ ಗುರುತಿಸಿದ್ದು ಅವಳು. ಕೆಳಗೆ ಮೊದಲ ಸಹಿಯೂ ಅವಳದೇ.