ಯಾರು ಸ್ವಾಮಿದ್ರೋಹಿ?

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಕೇದಾರೇಶ್ವರ ದೇವಾಲಯ ನೋಡಿದವರು ಕೋಡಿಯಮಠದ ಹೆಸರು ಕೇಳಿರಬಹುದು. 1162ರ ಶಾಸನವೊಂದು ಆ ಮಠವನ್ನು ಬಾಯ್ತುಂಬ ಹೊಗಳುತ್ತದೆ. ಅಲ್ಲಿ ವೇದ, ವ್ಯಾಕರಣಗಳ ಪಾಠ ನಡೆಯುತ್ತಿತ್ತಂತೆ. ದೀನರಿಗೆ, ಕುರುಡರಿಗೆ ಊಟ, ರೋಗಿಗಳಿಗೆ ಔಷಧ ಸಿಗುತ್ತಿತ್ತಂತೆ. ಆ ಶಾಸನದ ಅರಸ ಬಿಜ್ಜಳ, ಬಸವಣ್ಣನವರ ಕಥೆಯಲ್ಲಿ ಬರುವ ಅದೇ ಬಿಜ್ಜಳ. ದಕ್ಷಿಣದ ಸೀಮೆಯನ್ನು ಹತೋಟಿಗೆ ತರಲು ಬಂದವನು ಬಳ್ಳಿಗಾವಿಯಲ್ಲಿ ಬೀಡುಬಿಟ್ಟಿದ್ದ.

ಕೆಲವೇ ವರ್ಷಗಳ ಹಿಂದೆ ಈತ ಅರಸನಾಗಿರಲಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ತೈಲಪನ ಕೈಕೆಳಗಿನ ಮಹಾಮಂಡಲೇಶ್ವರ. ಒಡೆಯ ದುರ್ಬಲನಾದದ್ದೇ ತಡ, ಸಿಂಹಾಸನವನ್ನೇ ಹಿಡಿದ. ಉಂಡ ಮನೆಯ ಜಂತೆ ಎಣಿಸಿದ ಇಂಥವನನ್ನು ಏನೆಂದು ಕರೆಯಬೇಕು?

ಪೂರ್ವ ಏಷ್ಯಾದವರ ಬಳಿ ಇದಕ್ಕೆ ಸಿದ್ಧ ಪದವಿದೆ. ಚೀನೀಯರು ‘ಜಿಯೆನ್‌ಚೆನ್’, ಜಪಾನೀಯರು ‘ಕನ್‌ಶಿನ್’, ಕೊರಿಯನ್ನರು ‘ಗನ್‌ಶಿನ್’ ಎನ್ನುತ್ತಾರೆ. ಉಚ್ಚಾರ ಬೇರೆ, ಮೂಲದ ಚೀನೀ ಅಕ್ಷರಗಳು ಅವೇ ಎರಡು. ಅರ್ಥ, ದೊರೆಗೆ ಕೇಡು ಬಗೆದ ಆಸ್ಥಾನಿಕ. 1345ರಲ್ಲಿ ಮುಗಿದ ಸುಂಗ್ ವಂಶದ ಇತಿಹಾಸದಲ್ಲಿ, 1451ರ ಕೊರಿಯದ ಗೊರ್ಯೊ ಇತಿಹಾಸದಲ್ಲಿ ಇಂಥವರಿಗೆಂದೇ ಪ್ರತ್ಯೇಕ ಅಧ್ಯಾಯಗಳಿವೆ. ಎರಡನ್ನೂ ಬರೆಸಿದ್ದು ಆ ವಂಶಗಳು ಅಳಿದ ಮೇಲೆ ಬಂದ ಅರಸರು ಎಂಬುದನ್ನು ಮರೆಯಬಾರದು.

ನಮ್ಮ ‘ಸ್ವಾಮಿದ್ರೋಹಿ’ಯೂ ಕಡಿಮೆ ತೂಕದ ಮಾತಲ್ಲ. ಹೊಯ್ಸಳರ ದಂಡನಾಯಕ ಗಂಗರಾಜನ ಬಿರುದು ‘ದ್ರೋಹಘರಟ್ಟ’, ಅಂದರೆ ದ್ರೋಹಿಗಳನ್ನು ಅರೆಯುವ ಬೀಸುಕಲ್ಲು. ಅವನ ನೆನಪಿಗೆ ಮಗ ಬೊಪ್ಪ ಹಳೇಬೀಡಿನಲ್ಲಿ ಕಟ್ಟಿಸಿದ ಬಸದಿಗೂ ಅದೇ ಹೆಸರು. ಆದರೆ ದ್ರೋಹಿಗಳ ಪಟ್ಟಿ ಬರೆದಿಡುವ ಇತಿಹಾಸಕಾರರು ನಮ್ಮ ಆಸ್ಥಾನಗಳಲ್ಲಿರಲಿಲ್ಲ. ನಮಗಿರುವುದು ಕಲ್ಲುಗಳು. ಬಿ.ಎಲ್. ರೈಸ್ 1902ರಲ್ಲಿ ಶಿಕಾರಿಪುರದ, 1904ರಲ್ಲಿ ಸೊರಬದ ಶಾಸನಗಳನ್ನು ಅಚ್ಚು ಹಾಕಿಸಿದರು. ಊರಿಗಾಗಿ, ತುರುಗಳಿಗಾಗಿ, ಒಡೆಯನಿಗಾಗಿ ಸತ್ತವರ ವೀರಗಲ್ಲುಗಳು ಅಲ್ಲಿ ಬೇಕಾದಷ್ಟಿವೆ. ದ್ರೋಹಿಗೆ ಕಲ್ಲು ನಿಲ್ಲಿಸುವವರು ಯಾರು? ಗೆದ್ದ ದ್ರೋಹಿಯಂತೂ ಕಲ್ಲಿನಲ್ಲಿ ಅರಸನಾಗಿಯೇ ನಿಲ್ಲುತ್ತಾನೆ.

ಕೋಡಿಯಮಠದ ಆಚಾರ್ಯರನ್ನು ದೂರುವುದು ಸುಲಭ. ಆದರೆ ಕಲ್ಯಾಣದಲ್ಲಿ ಯಾರೇ ಕೂತರೂ ಮಠದ ಊಟ, ಔಷಧ ನಿಲ್ಲುವಂತಿರಲಿಲ್ಲ. ಚಾಲುಕ್ಯರಾದರೂ ಹೇಗೆ ಬಂದವರು? ರಾಷ್ಟ್ರಕೂಟರ ಸಾಮಂತನಾಗಿದ್ದ ಎರಡನೆಯ ತೈಲಪ 973ರಲ್ಲಿ ಒಡೆಯನನ್ನು ಕೆಳಗಿಳಿಸಿ ಪಟ್ಟವೇರಿದವನು.

1184ರ ಸುಮಾರಿಗೆ ನಾಲ್ಕನೆಯ ಸೋಮೇಶ್ವರ ಕಲ್ಯಾಣವನ್ನು ಕಳಚುರಿಗಳಿಂದ ಮರಳಿ ಪಡೆದ. ಚಾಲುಕ್ಯ ರಾಜ್ಯವನ್ನು ಮತ್ತೆ ಸ್ಥಾಪಿಸಿದ ಕೀರ್ತಿ ಅವನ ದಂಡನಾಯಕ ಬ್ರಹ್ಮನಿಗೆ ಸಂದಿತು. ಈ ಬ್ರಹ್ಮನ ತಂದೆ ಕಾವಣ ಕಳಚುರಿಗಳ ದಂಡನಾಯಕನಾಗಿದ್ದವನು.