ಸಾಂಸ್ಕೃತಿಕ ಪರಂಪರೆಯ ಆರ್ಥಿಕ ಮೌಲ್ಯಮಾಪನ

ಸ್ಮಾರಕ, ಹಳೆಯ ಪೇಟೆ, ಪುರಾತತ್ತ್ವ ನೆಲೆ ಮುಂತಾಗಿ ಮಾರುಕಟ್ಟೆಗೆ ಬಾರದ ಪರಂಪರೆಯ ಬೆಲೆಯನ್ನು ಹಣದ ಲೆಕ್ಕದಲ್ಲಿ ಅಂದಾಜಿಸುವ ಕ್ರಮ. ಇದು ಹುಟ್ಟಿದ್ದು ಸ್ಮಾರಕಗಳಿಗಾಗಿ ಅಲ್ಲ, ಅಮೆರಿಕದ ಕಾಡುಗಳಿಗಾಗಿ. ಜನ ಎಷ್ಟು ದೂರದಿಂದ, ಎಷ್ಟು ಖರ್ಚು ಮಾಡಿಕೊಂಡು ಬರುತ್ತಾರೆ ಎಂಬುದರಿಂದಲೇ ರಾಷ್ಟ್ರೀಯ ಉದ್ಯಾನವೊಂದರ ಬೆಲೆ ತಿಳಿಯಬಹುದೆಂದು ಅರ್ಥಶಾಸ್ತ್ರಜ್ಞ ಹೆರಾಲ್ಡ್ ಹೋಟೆಲಿಂಗ್ 1947ರಲ್ಲಿ ಅಲ್ಲಿನ ಉದ್ಯಾನ ಇಲಾಖೆಗೆ ಪತ್ರ ಬರೆದರು. ಆದರೆ ಒಮ್ಮೆಯೂ ಹೋಗದವರಿಗೂ ಆ ಜಾಗ ಉಳಿಯಲಿ ಎಂಬ ಆಸೆಯಿರುತ್ತದೆ. ಆ ಆಸೆಗೂ ಬೆಲೆಯುಂಟು ಎಂದು 1967ರಲ್ಲಿ ವಾದಿಸಿದವರು ಅರ್ಥಶಾಸ್ತ್ರಜ್ಞ ಜಾನ್ ಕ್ರುಟಿಲ್ಲಾ. ಅದನ್ನು ಅಳೆಯಲು ಜನರನ್ನೇ ಕೇಳಬೇಕಾಯಿತು: ಇದು ಉಳಿಯಬೇಕಾದರೆ ನೀವೆಷ್ಟು ಕೊಡುತ್ತೀರಿ? ಎಕ್ಸಾನ್ ವಾಲ್ಡೀಜ್ ಹಡಗಿನ ತೈಲ ಸೋರಿಕೆಯ (1989) ಹಾನಿಯನ್ನು ಅಳೆಯಲು ಬಳಸಿದಾಗ ಈ ವಿಧಾನ ದೊಡ್ಡ ವಿವಾದವಾಯಿತು. ಅರ್ಥಶಾಸ್ತ್ರಜ್ಞರಾದ ಕೆನೆತ್ ಆರೋ ಮತ್ತು ರಾಬರ್ಟ್ ಸೊಲೊ ನೇತೃತ್ವದ ಸಮಿತಿ 1993ರಲ್ಲಿ ಬಿಗಿ ಷರತ್ತುಗಳೊಡನೆ ಅದಕ್ಕೆ ಒಪ್ಪಿಗೆ ಕೊಟ್ಟಿತು.

ಪರಂಪರೆಯ ಕ್ಷೇತ್ರದ ಮೊದಲ ಪ್ರಯೋಗಗಳಲ್ಲಿ ನಾರ್ವೆಯ ನಿದಾರೋಸ್ ಕೆಥೆಡ್ರಲ್‌ನದು ಗಮನಾರ್ಹ. ವಾಯುಮಾಲಿನ್ಯದಿಂದ ಸವೆಯುತ್ತಿದ್ದ ಮೂಲ ಕಲ್ಲುಗಳನ್ನು ಕಾಪಾಡುವುದಕ್ಕೂ, ಹಾಳಾದ ಮೇಲೆ ಹೊಸದಾಗಿ ಕೆತ್ತಿ ಕೂರಿಸುವುದಕ್ಕೂ ಸಂದರ್ಶಕರು ಒಂದೇ ಬೆಲೆ ಕಟ್ಟುವರೇ ಎಂಬುದು ಅಲ್ಲಿನ ಪ್ರಶ್ನೆ. ಅರ್ಥಶಾಸ್ತ್ರಜ್ಞ ಡೇವಿಡ್ ಥ್ರಾಸ್ಬಿ 2001ರ ತಮ್ಮ ಗ್ರಂಥದಲ್ಲಿ ಸಾಂಸ್ಕೃತಿಕ ಮೌಲ್ಯವೆಂಬುದು ಬೇರೆಯೇ ಇದೆ, ಅದೆಲ್ಲವೂ ಹಣದ ಲೆಕ್ಕಕ್ಕೆ ಸಿಗದು ಎಂದರು.

ಅವರ ಮಾತಿನ ತೂಕ ತಿಳಿಯಲು ಇಂಗ್ಲೆಂಡಿನ ಸ್ಟೋನ್‌ಹೆಂಜ್ ಪ್ರಕರಣವೊಂದೇ ಸಾಕು. ಕಲ್ಲುಗಳಿಗೆ ಕೂಗಳತೆಯಲ್ಲಿ ಎ303 ಹೆದ್ದಾರಿ ಹಾದುಹೋಗುತ್ತದೆ. ಅದನ್ನು ಸುಮಾರು 3 ಕಿ.ಮೀ. ಸುರಂಗಕ್ಕಿಳಿಸುವ ಯೋಜನೆಗಾಗಿ ನೋಡಬಂದವರನ್ನು, ರಸ್ತೆ ಬಳಸುವವರನ್ನು, ದೇಶದ ಉಳಿದ ಜನರನ್ನು ಸಮೀಕ್ಷೆಯಲ್ಲಿ ಕೇಳಲಾಯಿತು. ವಾಹನಗಳ ಸದ್ದಿಲ್ಲದ, ರಸ್ತೆ ಕಾಣದ ಬಯಲಿಗೆ ಅವರು ಹೇಳಿದ ಮೊತ್ತವನ್ನು ಒಟ್ಟುಗೂಡಿಸಿದಾಗ ಯೋಜನೆಯ ಲಾಭದ ಅಂದಾಜಿನಲ್ಲಿ ಸುಮಾರು ಮುಕ್ಕಾಲು ಪಾಲು ಪರಂಪರೆಯದ್ದೇ ಆಯಿತು. ಅದನ್ನು ಬಿಟ್ಟರೆ ಖರ್ಚೇ ಹೆಚ್ಚು. ಅತ್ತ ಯುನೆಸ್ಕೊ ಮತ್ತು ಅನೇಕ ಪುರಾತತ್ತ್ವಜ್ಞರು ಅದೇ ಪರಂಪರೆಯ ಹೆಸರಿನಲ್ಲಿ ಯೋಜನೆಯನ್ನು ವಿರೋಧಿಸಿದರು. ಸುರಂಗದ ಬಾಯಿಗಳು ವಿಶ್ವ ಪರಂಪರೆ ತಾಣದ ಒಳಗೇ ತೆರೆಯುವಂತಿದ್ದವು. ಕಣ್ಣಿಗೆ ಕಾಣುವ ಕಲ್ಲುಗಳ ನೋಟಕ್ಕೆ ಸಿಕ್ಕ ಬೆಲೆ, ಪ್ರಾಚೀನ ಕುರುಹುಗಳನ್ನು ಒಡಲಲ್ಲಿಟ್ಟುಕೊಂಡ, ಇನ್ನೂ ಅಗೆಯದ ಮಣ್ಣಿಗೆ ಸಿಗುವುದು ಕಷ್ಟ. ಒಮ್ಮೆ ಅಗೆದ ಮೇಲೆ ಆ ಮಣ್ಣು ಮರಳಿ ಬರುವುದೂ ಇಲ್ಲ. ಈ ವಿಧಾನದ ನಿಜವಾದ ಕೊರತೆ ಇಲ್ಲಿದೆ.

ಬ್ರಿಟನ್ ಸರ್ಕಾರ 2021ರಲ್ಲಿ ಪರಂಪರೆಯನ್ನು ಬಂಡವಾಳವಾಗಿ ಎಣಿಸುವ ಚೌಕಟ್ಟೊಂದನ್ನು ಪ್ರಕಟಿಸಿತು. ಸುರಂಗ ಯೋಜನೆಯನ್ನು 2024ರ ಜುಲೈನಲ್ಲಿ ಹೊಸ ಸರ್ಕಾರ ಕೈಬಿಟ್ಟಿತು. ಕೊಟ್ಟ ಕಾರಣ ಹಣದ ಕೊರತೆ.