ರಕ್ತ ಪರೀಕ್ಷಿಸುವವರಿಗೂ ಒಂದು ಪರೀಕ್ಷೆ

ಹೋದ ವಾರ ಊರಿನಿಂದ ತಂಗಿಯ ಮಗಳು ಫೋನ್ ಮಾಡಿದ್ದಳು. ಬಿ.ಎಸ್ಸಿ. ಎಂ.ಎಲ್.ಟಿ. ಮುಗಿಸಿ ಎರಡು ವರ್ಷದಿಂದ ಉಡುಪಿಯ ಒಂದು ಲ್ಯಾಬಿನಲ್ಲಿ ದುಡಿಯುತ್ತಿದ್ದಾಳೆ. "ಮಾಮ, ಹೊರದೇಶಕ್ಕೆ ಹೋಗ್ಬೇಕಾದ್ರೆ ಎ.ಎಸ್.ಸಿ.ಪಿ. ಪರೀಕ್ಷೆ ಕಟ್ಬೇಕಂತೆ. ಒಬ್ಬ ಏಜೆಂಟ್ ಎಲ್ಲಾ ಮಾಡಿಸಿ ಕೊಡ್ತೇನೆ ಅಂತ ದುಡ್ಡು ಕೇಳ್ತಿದ್ದಾನೆ. ಕೊಡ್ಲಾ?" ಅಂದಳು. "ಎರಡು ದಿನ ತಡಿ ಮಾರಾಯ್ತಿ" ಅಂದೆ. ಆ ಎರಡು ದಿನದ ಓದು, ನೆನಪು ಎಲ್ಲ ಸೇರಿ ಈ ಬರಹ.

ನಾನೂ ಅದೇ ಕಸುಬಿನವನು. 1984ರಲ್ಲಿ, ಕೊಂಕಣ ರೈಲು ಇನ್ನೂ ಇಲ್ಲದ ಕಾಲದಲ್ಲಿ, ಡಿ.ಎಂ.ಎಲ್.ಟಿ. ಕಾಗದ ಹಿಡಿದು ರಾತ್ರಿ ಬಸ್ಸಿನಲ್ಲಿ ಮುಂಬಯಿಗೆ ಬಂದವನು. ಐದು ವರ್ಷದ ನಂತರ ಗಲ್ಫಿನ ಆಸೆ ಹುಟ್ಟಿತು. ಸಂದರ್ಶನದಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ನಿಮ್ಮ ರಿಜಿಸ್ಟ್ರೇಷನ್ ಎಲ್ಲಿ?" ನನ್ನ ಜೊತೆ ಬಂದಿದ್ದ ನರ್ಸ್ ಹುಡುಗಿಯ ಬಳಿ ನರ್ಸಿಂಗ್ ಕೌನ್ಸಿಲಿನ ಪತ್ರವಿತ್ತು. ಫಾರ್ಮಸಿಯವನ ಬಳಿಯೂ ಇತ್ತು. ನನ್ನ ಬಳಿ ಇರಲಿಲ್ಲ. ಯಾಕೆಂದರೆ ನರ್ಸುಗಳಿಗೆ 1947ರಲ್ಲೇ, ಫಾರ್ಮಸಿಯವರಿಗೆ 1948ರಲ್ಲೇ ಕೇಂದ್ರದ ಕಾನೂನು ಬಂದಿದ್ದರೂ ಲ್ಯಾಬಿನವರಿಗೆ ಅಂಥದ್ದೊಂದು ಇರಲೇ ಇಲ್ಲ. ಬರಿಗೈಯಲ್ಲಿ ಲೋಕಲ್ ಹತ್ತಿ ಮನೆಗೆ ಬಂದೆ.

ಹಾಗಾದರೆ ಈ "ರಿಜಿಸ್ಟ್ರೇಷನ್" ಎಲ್ಲಿ ಹುಟ್ಟಿತು? ಬ್ರಿಟನ್ನಿನಲ್ಲಿ 1912ರಲ್ಲೇ ಲ್ಯಾಬಿನ ಸಹಾಯಕರು ತಮ್ಮದೊಂದು ಸಂಘ ಕಟ್ಟಿಕೊಂಡರು. ಇಂದಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಮೆಡಿಕಲ್ ಸೈನ್ಸ್ ಅದರದ್ದೇ ಮುಂದುವರಿಕೆ. 1960ರ ಕಾನೂನು ಅವರಿಗೆ ಸರ್ಕಾರಿ ನೋಂದಣಿಯ ದಾರಿ ಮಾಡಿತು.

ಅಮೆರಿಕದ ಕಥೆ ಬೇರೆ. ಮೊದಲ ಮಹಾಯುದ್ಧ ಮುಗಿಯುತ್ತಿದ್ದ ಹೊತ್ತಿಗೆ ಅಲ್ಲಿನ ಸರ್ಜನ್ನರ ಸಂಸ್ಥೆ ಒಳ್ಳೆಯ ಆಸ್ಪತ್ರೆಗೆ ಲ್ಯಾಬ್ ಇರಲೇಬೇಕು ಎಂದಿತು. 1920ರ ಸುಮಾರಿಗೆ ಫೋಲಿನ್ ಮತ್ತು ವೂ ಎಂಬಿಬ್ಬರು ರಕ್ತದ ಸಕ್ಕರೆ ಅಳೆಯುವ ವಿಧಾನ ಕೊಟ್ಟರು (ನಾವೂ ಕಲಿಯುವಾಗ ಅದನ್ನೇ ಮಾಡಿದ್ದು!). 1921ರಲ್ಲಿ ಇನ್ಸುಲಿನ್ ಬಂತು. ಪರೀಕ್ಷೆಗಳು ಹೆಚ್ಚಿದವು, ಮಾಡುವ ಕೈಗಳು ಬೇಕಾದವು. ಆದರೆ ಯಾರ ಕೈ ನಂಬುವುದು?

1922ರಲ್ಲಿ ಸೇಂಟ್ ಲೂಯಿಸಿನಲ್ಲಿ ಪೆಥಾಲಜಿಸ್ಟ್ ಡಾಕ್ಟರುಗಳು ಎ.ಎಸ್.ಸಿ.ಪಿ. ಎಂಬ ಸಂಘ ಕಟ್ಟಿದರು. 1928ರಲ್ಲಿ ಅದರ ಕೆಳಗೆ ಟೆಕ್ನಿಷಿಯನ್ನರ ನೋಂದಣಿಗೆಂದು ಬೋರ್ಡ್ ಆಫ್ ರಿಜಿಸ್ಟ್ರಿ ಮಾಡಿದರು. ಗಮನಿಸಿ, ಇದನ್ನು ಕಟ್ಟಿದವರು ಡಾಕ್ಟರುಗಳು, ಟೆಕ್ನಿಷಿಯನ್ನರಲ್ಲ. ಡಾಕ್ಟರ ಮೇಲ್ವಿಚಾರಣೆಯಲ್ಲೇ ಕೆಲಸ ಮಾಡಬೇಕು, ರೋಗ ಇಂಥದ್ದು ಅಂತ ತಾವಾಗಿ ಹೇಳಬಾರದು ಎಂಬ ಕಟ್ಟಳೆಯೂ ಜೊತೆಗೇ ಬಂತು. ಗೌರವವೂ ಸಿಕ್ಕಿತು, ಮೂಗುದಾರವೂ ಬಿತ್ತು ಅನ್ನಿ. 1977ರಲ್ಲಿ ಲ್ಯಾಬಿನವರ ಸಂಘದ ಬೆಂಬಲದಿಂದ ಎನ್.ಸಿ.ಎ. ಎಂಬ ಬೇರೆಯೇ ಸಂಸ್ಥೆ ಹುಟ್ಟಿ, ತನ್ನದೇ ಪ್ರಮಾಣಪತ್ರ ಕೊಡತೊಡಗಿತು. ಮೂವತ್ತು ವರ್ಷ ಎರಡು ಒಲೆ ಉರಿದು, ಕೊನೆಗೆ 2009ರಲ್ಲಿ ಎರಡೂ ಒಂದಾದವು.

ನಡುವೆ ಒಂದು ದೊಡ್ಡ ಪೆಟ್ಟು ಬಿದ್ದಿತ್ತು. 1987ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಯ ವಾಲ್ಟ್ ಬೊಗ್ಡಾನಿಚ್ ಅಲ್ಲಿನ ಲ್ಯಾಬುಗಳ ಅಜಾಗರೂಕತೆಯ ಬಗ್ಗೆ ಬರೆದರು. ಗರ್ಭಕೋಶದ ಕೊರಳಿನ ಕ್ಯಾನ್ಸರ್ ಹಿಡಿಯಬೇಕಾದ ಪ್ಯಾಪ್ ಸ್ಲೈಡುಗಳನ್ನು ಅತಿಯಾದ ಅವಸರದಲ್ಲಿ ನೋಡಿ, ಇದ್ದ ರೋಗವನ್ನೇ ಬಿಟ್ಟುಬಿಡುತ್ತಿದ್ದರು. ಮರುವರ್ಷ ಆ ವರದಿಗಳಿಗೆ ಪುಲಿಟ್ಜರ್ ಬಂತು. ಅದೇ 1988ರಲ್ಲಿ ಕ್ಲಿಯಾ ಎಂಬ ಕಾನೂನನ್ನು ಬಿಗಿಗೊಳಿಸಿ, ಎಷ್ಟು ಕಠಿಣವಾದ ಪರೀಕ್ಷೆಯನ್ನು ಎಷ್ಟು ಓದಿದವರು ಮಾಡಬಹುದು ಎಂಬುದಕ್ಕೂ ಲೆಕ್ಕ ಇಟ್ಟರು. ನಮ್ಮ ಕಸುಬಿನಲ್ಲಿ ತಪ್ಪು ಕಣ್ಣಿಗೆ ಕಾಣುವುದಿಲ್ಲ. ಕಾಗದದ ಮೇಲೆ ಅದು ಬರೀ ಒಂದು ಅಂಕಿ. ಅದರ ಬೆಲೆ ತೆರುವವರು ಇನ್ನೆಲ್ಲೋ ಇರುತ್ತಾರೆ.

1996ರ ಅಮೆರಿಕದ ವಲಸೆ ಕಾನೂನು ಇನ್ನೊಂದು ಬಾಗಿಲು ಕಟ್ಟಿತು. ನರ್ಸುಗಳ ಜೊತೆಗೆ ಹೊರದೇಶದ ಲ್ಯಾಬ್ ಟೆಕ್ನಾಲಜಿಸ್ಟರೂ ತಮ್ಮ ಓದು, ಇಂಗ್ಲಿಷ್ ಎರಡನ್ನೂ ಪರಿಶೀಲನೆಗೆ ಒಪ್ಪಿಸಿ ಪತ್ರ ತರಬೇಕಾಯಿತು. 2000ರ ದಶಕದಲ್ಲಿ ಎ.ಎಸ್.ಸಿ.ಪಿ. ತನ್ನ ಪರೀಕ್ಷೆಯನ್ನೇ ಹೊರದೇಶದವರಿಗೂ ತೆರೆದು, ಹೆಸರಿನ ಬಾಲಕ್ಕೆ ಒಂದು "ಐ" ಅಂಟಿಸಿ ಕೊಡತೊಡಗಿತು. ನೂರು ಪ್ರಶ್ನೆ, ಎರಡೂವರೆ ಗಂಟೆ. ಕಂಪ್ಯೂಟರಿನಲ್ಲಿ ಸರಿ ಉತ್ತರ ಕೊಟ್ಟಷ್ಟೂ ಮುಂದಿನ ಪ್ರಶ್ನೆ ಗಟ್ಟಿ. ಪಾಸಾದರೂ ಮುಗಿಯಲಿಲ್ಲ, ಮೂರು ವರ್ಷಕ್ಕೊಮ್ಮೆ ಹೊಸ ಕಲಿಕೆ ತೋರಿಸಿ ನವೀಕರಿಸಬೇಕು.

ಮತ್ತೆ ನಮ್ಮ ದೇಶ? 2021ರಲ್ಲಿ ಕೊನೆಗೂ ಅಲೈಡ್ ಹೆಲ್ತ್‌ಕೇರ್ ವೃತ್ತಿಗಳಿಗೆ ರಾಷ್ಟ್ರೀಯ ಆಯೋಗದ ಕಾನೂನು ಪಾಸಾಯಿತು. ಅದರ ಪಟ್ಟಿಯಲ್ಲಿ ಮೆಡಿಕಲ್ ಲ್ಯಾಬಿನವರೂ ಇದ್ದಾರೆ. ನರ್ಸುಗಳಿಗಿಂತ ಎಪ್ಪತ್ತನಾಲ್ಕು ವರ್ಷ ತಡ! ಇಷ್ಟು ಕಾಲ ನಮ್ಮಲ್ಲಿ ಎನ್.ಎ.ಬಿ.ಎಲ್. ಮಾನ್ಯತೆ ಅಂತ ಫಲಕ ಹಾಕಿದ್ದು ಲ್ಯಾಬಿಗೆ. ಒಳಗೆ ಮೈಕ್ರೋಸ್ಕೋಪಿಗೆ ಕಣ್ಣು ಕೊಟ್ಟು ಕೂತವನಿಗೆ ಅವನದೇ ಅನ್ನುವ ಗುರುತು ಇರಲಿಲ್ಲ.

ಮೊನ್ನೆ ಹುಡುಗಿಗೆ ಹೇಳಿದೆ: "ಏಜೆಂಟನಿಗೆ ಒಂದು ಪೈಸೆ ಕೊಡಬೇಡ. ಅರ್ಜಿ ನೀನೇ ಹಾಕು, ಫೀಸು ನೇರವಾಗಿ ನೀನೇ ಕಟ್ಟು. ಆ ಪತ್ರ ವೀಸಾ ಅಲ್ಲ, ನೌಕರಿಯೂ ಅಲ್ಲ. ಬ್ರಿಟನ್ನಿಗೆ ಹೋಗುವುದಾದರೆ ಎಚ್.ಸಿ.ಪಿ.ಸಿ. ನೋಂದಣಿ ಬೇರೆ, ಗಲ್ಫಿಗೆ ಅವರವರ ಲೈಸೆನ್ಸ್ ಬೇರೆ. ಅಮೆರಿಕದಲ್ಲೂ ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳು ತಮ್ಮದೇ ಲೈಸೆನ್ಸ್ ಕೇಳುತ್ತವೆ. ಮೊದಲು ದೇಶ ಗೊತ್ತುಮಾಡು, ಆಮೇಲೆ ಪರೀಕ್ಷೆ."

"ಹೋಗ್ಲಿಕ್ಕೆ ಆಗ್ಲಿಲ್ಲಾಂದ್ರೆ ಮಾಮ?"

"ಓದಿದ್ದು ಎಲ್ಲಿಗೂ ಹೋಗುದಿಲ್ಲ. ಉಡುಪಿಯ ರಕ್ತವೂ ರಕ್ತವೇ ಅಲ್ವಾ?" ಅಂದೆ. ನಕ್ಕಳು. ನನ್ನ ಹಳೇ ಡಿ.ಎಂ.ಎಲ್.ಟಿ. ಕಾಗದ ಇನ್ನೂ ಕಪಾಟಿನಲ್ಲಿದೆ, ಮಡಿಕೆಯ ಜಾಗದಲ್ಲಿ ಹರಿದಿದೆ. ಅವಳ ಕಾಗದಕ್ಕೆ ಆ ಗತಿ ಬಾರದಿರಲಿ.

ನಿಮ್ಮ ಮನೆಯಲ್ಲೂ ಈ ದಾರಿ ಹಿಡಿದವರಿದ್ದರೆ ಅವರ ಅನುಭವ ತಿಳಿಸಿ. ನಾಲ್ಕು ಮಕ್ಕಳಿಗೆ ಉಪಕಾರವಾದೀತು.